ಮೌನದ ಮೂರನೆಯ ದಿನ ಅಪ್ಪ ಕೇಳಿಸಿಕೊಂಡ ಮಾತು

ಮನಸ್ಸಿನೊಳಗಿನ ಮಾತು ಬಾಯಿ ದಾಟದೆಯೇ ಇನ್ನೊಬ್ಬರ ಕಿವಿ ತಲುಪುತ್ತದೆ ಎಂದು ಯಾರಾದರೂ ಹೇಳಿದರೆ, ಪುರಾವೆ ಎಲ್ಲಿ ಎಂದು ಮೊದಲು ಕೇಳುತ್ತಿದ್ದವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ನಂಬಿಕೆಗಳ ವಿರುದ್ಧ ವಾದಿಸಿ ಬಹುಮಾನ ಪಡೆದವನು. ಬುದ್ಧನ ಮಾರ್ಗ ಹಿಡಿದದ್ದೂ ಅದು ಪವಾಡ ತೋರಿಸುವುದಿಲ್ಲ, ಪರೀಕ್ಷಿಸಿ ನೋಡು ಎನ್ನುತ್ತದೆ ಎಂಬ ಕಾರಣಕ್ಕೆ. ಆದ್ದರಿಂದ ಇದನ್ನು ನೀವು ಅನುಮಾನದಿಂದಲೇ ಓದಿ. ನಾನೂ ಅನುಮಾನದಿಂದಲೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆಯಲ್ಲಿ ರೈಲು ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿ ನಾವಿದ್ದೆವು: ಶಾಲಾ ಶಿಕ್ಷಕನಾದ ನಾನು, ಹೆಂಡತಿ ಸರೋಜ, ಮೂರು ವರ್ಷದ ಮಗಳು ಮತ್ತು ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದ ಅಪ್ಪ. ಅಪ್ಪ ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ತಪ್ಪು ನನ್ನದು. ಮಗಳಿಗೆ ವರ್ಷ ತುಂಬಿದ ದಿನ, ಅವಳ ಮುಡಿಯನ್ನು ಮಾಲೇಕಲ್ಲಿನ ವೆಂಕಟರಮಣನಿಗೆ ಕೊಡಬೇಕೆಂದು ಅಪ್ಪ ಹೇಳಿದರು. ಊಟಕ್ಕೆ ಕುಳಿತಿದ್ದ ನೆಂಟರೆಲ್ಲರ ಎದುರು ನಾನು, "ಯಾಕೆ ಕೊಡಬೇಕು, ಕಾರಣ ಹೇಳಿ. ಮೂರು ನಿಮಿಷ ಟೈಮು" ಎಂದು ಕೈಗಡಿಯಾರ ನೋಡಿದೆ. ಅಪ್ಪ ಮಾತಿನಲ್ಲಿ ಚುರುಕಲ್ಲ. "ಅದು... ನಿಮ್ಮವ್ವ ಇದ್ದಾಗ... ಒಂದ್ಸಲ..." ಎಂದು ತಡವರಿಸುತ್ತಿದ್ದಂತೆಯೇ ನಾನು ಚಮಚದಿಂದ ಹಿತ್ತಾಳೆ ಚೊಂಬಿಗೆ ಟಣ್ ಎಂದು ಬಾರಿಸಿದೆ. ಚರ್ಚಾಕೂಟದಲ್ಲಿ ವೇಳೆ ಮುಗಿದಾಗ ಗಂಟೆ ಹೊಡೆಯುತ್ತಾರಲ್ಲ, ಹಾಗೆ. ನೆಂಟರು ನಕ್ಕರು. ಅಪ್ಪ ಎಲೆಯ ಮುಂದಿನಿಂದ ಎದ್ದುಹೋದರು.

ಆಮೇಲೆ ನನಗೆ ಹೇಳಬೇಕಾದದ್ದೆಲ್ಲ ಸರೋಜಳ ಮೂಲಕ. "ನಿನ್ ಗಂಡಂಗೆ ಹೇಳವ್ವ, ಸೀಮೆಎಣ್ಣೆ ಬಂದೈತಂತೆ." ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಮಗಳ ಕೂದಲು ಬೆನ್ನ ಮೇಲೆ ಇಳಿದಿತ್ತು. ಅದಕ್ಕೆ ಕತ್ತರಿ ಹಾಕಲು ಸರೋಜ ಯಾರಿಗೂ ಬಿಟ್ಟಿರಲಿಲ್ಲ.

ಆ ವರ್ಷ ಬೇಲೂರಿನಲ್ಲಿ ಬೌದ್ಧ ಭಿಕ್ಷುವೊಬ್ಬರ ಉಪನ್ಯಾಸ ಕೇಳಿ ಬಂದ ನನಗೆ ಧ್ಯಾನದ ಹುಚ್ಚು ಹಿಡಿಯಿತು. ಹತ್ತು ದಿನ ಮನೆ ಬಿಟ್ಟು ಶಿಬಿರಕ್ಕೆ ಹೋಗುವಂತಿರಲಿಲ್ಲ. ದಸರಾ ರಜೆಯಲ್ಲಿ ಮನೆಯಲ್ಲೇ ಮೂರು ದಿನದ ಮೌನ ಶಿಬಿರ ಎಂದು ತೀರ್ಮಾನಿಸಿ, ಸ್ಕೇಲು ಹಿಡಿದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಹೊಸ ಶಾಲೆಗೆ ಸೇರುವ ಮಗುವಿನ ಸಂಭ್ರಮ ನನ್ನದು.

"ನೀವಾ? ಮೂರು ದಿನಾನಾ? ನಿದ್ದೇಲೂ ಭಾಷಣ ಮಾಡ್ತೀರಲ್ರೀ!" ಎಂದು ಸರೋಜ ನಕ್ಕಳು. ಆದರೂ ಗಂಟೆಗೊಮ್ಮೆ ಸದ್ದು ಮಾಡಿ ವೇಳೆ ತಿಳಿಸಲು ಒಪ್ಪಿದಳು. ಮನೆಯಲ್ಲಿ ಗಂಟೆ ಎಲ್ಲಿಂದ ಬರಬೇಕು? ಅದೇ ಚೊಂಬು, ಅದೇ ಚಮಚ.

ಮೊದಲ ದಿನ ಮೌನವಾಗಿದ್ದದ್ದು ಬಾಯಿ ಮಾತ್ರ. ತಲೆಯೊಳಗೆ ಪರ ವಿರೋಧಗಳ ಗದ್ದಲ. ಎರಡನೆಯ ದಿನ ಅದು ತಗ್ಗಿತು. ಮೂರನೆಯ ದಿನ ನನಗೆ ಎಂದೂ ಇಲ್ಲದ ಒಂದು ಹಗುರ. ಉಸಿರು ಬರುವುದು, ಹೋಗುವುದು ಕೂಡ ಹಬ್ಬದಂತೆ ತೋರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಕೊನೆಯ ಸಲ ಧ್ಯಾನಕ್ಕೆ ಕುಳಿತೆ. ಸರೋಜ ಒಳಕೋಣೆಯ ಬಾಗಿಲು ಮುಂದಕ್ಕೆಳೆದು, ನನ್ನೆದುರೇ ಕುಳಿತು ಚೊಂಬು ಬಾರಿಸಿದಳು.

ಟಣ್.

ಎರಡು ದಿನ ಅದೇ ಸದ್ದು ಕೇಳಿದ್ದೆ, ಏನೂ ಆಗಿರಲಿಲ್ಲ. ಈಗ ಅದು ಎದೆಗೆ ಬಡಿಯಿತು. ಎಲೆಯ ಮುಂದೆ ಬಾಯಿ ಅರ್ಧ ತೆರೆದು ನಿಂತುಹೋದ ಅಪ್ಪನ ಮುಖ ಕಣ್ಣೊಳಗೆ ಬಂತು. ಮನಸ್ಸಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಎದ್ದಿತು: ಅಪ್ಪಾ, ಅವತ್ತು ಮಾತು ಮುಗಿಸೋಕೆ ಬಿಡಲಿಲ್ಲ. ಈಗ ಹೇಳಿ, ಕೇಳ್ತೀನಿ. ಅಷ್ಟರಲ್ಲಿ ಗೂಡ್ಸ್ ರೈಲೊಂದು ಹಾದುಹೋಗತೊಡಗಿ ಗೋಡೆ ನಡುಗಿತು. ರೈಲಿನ ಸದ್ದು ಅಡಗುವ ಮೊದಲೇ ಬಾಗಿಲು ತೆರೆಯಿತು. ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅಪ್ಪ, ಸಿಪ್ಪೆ ಅಂಟಿದ ಪಂಚೆಯಲ್ಲೇ ಒಳಗೆ ಬಂದು ನನ್ನೆದುರು ಕುಳಿತರು.

"ಹೇಳು ಅಂದ್ಯಲ್ಲ, ಹೇಳ್ತೀನಿ. ನಾಲ್ಕು ವರ್ಷ ತುಂಬಿದ್ರೂ ನಿಂಗೆ ಮಾತೇ ಬಂದಿರ್ಲಿಲ್ಲ ಕಣೋ. ಊರೋರೆಲ್ಲ ಮೂಗ ಅಂತಿದ್ರು. ನನ್ ಮಗನ ಬಾಯಲ್ಲಿ ಮಾತು ಬರ್ಲಿ, ಅವ್ನ ಮೊದಲ್ನೇ ಕೂಸಿನ ಮುಡಿ ಕೊಡ್ತೀನಿ ಅಂತ ನಿಮ್ಮವ್ವ ಮಾಲೇಕಲ್ಲಿಗೆ ಹರಕೆ ಹೊತ್ಲು. ನಿಂಗೆ ಮಾತು ಬಂತು. ಅವ್ಳು ಕೂಸ್ನ ನೋಡೋಕೆ ಉಳೀಲಿಲ್ಲ. ದೇವ್ರು ಕೇಳ್ತಾನೆ ಅಂತ ಅಲ್ಲ ಕಣ್ಲಾ ನಾನಂದಿದ್ದು. ಅವ್ಳು ಆಡಿದ್ ಮಾತು ಹಂಗೇ ಉಳ್ಕಂಡೈತೆ ಅಂತ."

ನಾನು ಬಾಯಿ ತೆರೆದೆ. ಸರೋಜ ತುಟಿಯ ಮೇಲೆ ಬೆರಳಿಟ್ಟಳು. ಜೀವನದಲ್ಲಿ ಮೊದಲ ಬಾರಿಗೆ ಅಪ್ಪನ ಮಾತನ್ನು ಕೊನೆಯವರೆಗೆ ಕೇಳಿದೆ. ಅವರು ನನ್ನ ಮೊಣಕಾಲು ತಟ್ಟಿ ಎದ್ದುಹೋದರು.

ಸಂಜೆ ವ್ರತ ಮುಗಿದೊಡನೆ ನಾನು ಸರೋಜಳನ್ನು ಕೇಳಿದ್ದು ಒಂದೇ: ನಾನು ಮಾತಾಡಿದೆನೆ? ಕಣ್ಣು ಮಿಟುಕಿಸದೆ ನೋಡುತ್ತಿದ್ದೆ, ನಿಮ್ಮ ತುಟಿ ಅಲುಗಲಿಲ್ಲ ಎಂದು ಅವಳು ಮಗಳ ತಲೆ ಮುಟ್ಟಿ ಹೇಳಿದಳು. ಅಪ್ಪನನ್ನು ಕೇಳಿದರೆ ಅವರಿಗೇ ಆಶ್ಚರ್ಯ. "ಏನ್ಲಾ ಹಿಂಗ್ ಕೇಳ್ತೀಯ? ಮಾತು ಮುಗಿಸೋಕೆ ಬಿಡ್ಲಿಲ್ಲ, ಈಗ ಹೇಳಿ ಅಂತ ಕೂಗ್ದೆ. ಗೂಡ್ಸು ಹೋಗ್ತಿತ್ತು, ಅದ್ರ ಮೇಲೂ ಕೇಳುಸ್ತು." ಎಂಜಿನ್ನುಗಳ ನಡುವೆ ದುಡಿದ ಅಪ್ಪನಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಮಂದ.

ಮುಂದಿನ ಶನಿವಾರ ಎಲ್ಲರೂ ಮಾಲೇಕಲ್ಲಿಗೆ ಹೋದೆವು. ನಾನು ಕೈ ಮುಗಿಯಲಿಲ್ಲ. ಅಪ್ಪ ಮುಗಿಯೆಂದು ಹೇಳಲೂ ಇಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಡಿ ತೆಗೆಸುತ್ತ, ಅವ್ವನ ಮಾತು ಎಳೆಎಳೆಯಾಗಿ ನನ್ನ ಅಂಗೈಗೆ ಬೀಳುವುದನ್ನು ನೋಡುತ್ತಿದ್ದೆ.

ಇಷ್ಟು ವರ್ಷದ ಮೇಲೂ ಇದರ ಪರವಾಗಿ ಮೂರು ನಿಮಿಷ, ವಿರುದ್ಧವಾಗಿ ಮೂರು ನಿಮಿಷ ನಾನು ಸಲೀಸಾಗಿ ಮಾತಾಡಬಲ್ಲೆ. ನನಗರಿಯದೆ ಕೂಗಿದ್ದರೆ ವ್ರತ ಮುರಿದಿದ್ದೇನೆ. ಕೂಗದಿದ್ದರೆ ನನ್ನ ತರ್ಕ ಮುರಿದಿದೆ. ಎರಡರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೆ: ಅಪ್ಪ ಈಗಲೂ ತಡವರಿಸುತ್ತಲೇ ಮಾತಾಡುತ್ತಾರೆ, ನಾನು ಗಡಿಯಾರ ನೋಡುವುದಿಲ್ಲ.