ಅಕ್ಕ ಕುಡಿಯದ ನೀರು

ಅಕ್ಕನಿಗೆ ಅವ್ವ ತನ್ನ ಒಂದು ಕಿಡ್ನಿ ಕೊಟ್ಟಳು. ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಕರೆದಾಗ ಎದ್ದು ಹೋಗಿ ಅವಳನ್ನು ಹಿತ್ತಲ ಪಾಯಖಾನೆಗೆ ಎತ್ತಿಕೊಂಡು ಹೋಗುವುದು. ಅಷ್ಟೂ ನನ್ನಿಂದ ಆಗಲಿಲ್ಲ.

ಪೋಲಿಯೊದಿಂದ ಅಕ್ಕನ ಎರಡೂ ಕಾಲು ಸಣ್ಣಂದಿನಿಂದಲೇ ಸ್ವಾಧೀನದಲ್ಲಿಲ್ಲ. ಮೊದಲು ಕೈಯೂರಿ ತೆವಳಿಕೊಂಡು ತಾನೇ ಹೋಗಿಬರುತ್ತಿದ್ದಳು. ಕಿಡ್ನಿ ಹಾಕಿದ ಮೇಲೆ, ನೆಲದ ಹೊಲಸು ತಾಗಿ ಸೋಂಕಾದೀತೆಂದು ಡಾಕ್ಟರು ಅದನ್ನು ಬಿಡಿಸಿದರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಹೊಸ ಕಿಡ್ನಿಯೂ ಕೆಡುತ್ತದೆ ಎಂದರು. ಅವ್ವ ಅಂಗನವಾಡಿ ಕೆಲಸಕ್ಕೆ ಹೋದರೆ, ಹಾನಗಲ್ಲಿನ ನಮ್ಮ ಮನೆಯಲ್ಲಿ ಹಗಲಿಗೆ ಅವಳ ಜೊತೆ ಇರುವವಳು ನಾನೊಬ್ಬಳೇ.

ಹೊಲಿಗೆ ಮಷಿನ್ನಿನಲ್ಲಿ ಬ್ಲೌಸಿನ ತೋಳು ಕೂಡಿಸುತ್ತ ಕೂತಾಗ ಅಕ್ಕ ಕರೆದರೆ ನನ್ನ ಮುಖ ಗಂಟಾಗುತ್ತಿತ್ತು. "ಮತ್ತ ಬಂತ? ಈಗಿನ್ನ ಹೋಗಿ ಬಂದೇವಲ್ಲ!" ಎನ್ನುತ್ತಿದ್ದೆ. ಬರಬರುತ್ತ ಅವಳು ಕರೆಯುವುದನ್ನೇ ಕಡಿಮೆ ಮಾಡಿದಳು.

ಬೆಳಿಗ್ಗೆ ತುಂಬಿಟ್ಟ ಬಾಟಲಿಗಳು ಮಾತ್ರ ಸಂಜೆಗೆ ಖಾಲಿ. ಒಂದು ದಿನ ನೋಡಿದೆ: ಕಿಟಕಿಯ ಸರಳಿನ ಸಂದಿಯಿಂದ ಕೈ ಹಾಕಿ ಮಲ್ಲಿಗೆ ಬಳ್ಳಿಗೆ ಸುರಿಯುತ್ತಿದ್ದಳು. ನಾನು ಸದ್ದು ಮಾಡದೆ ಬಂದು ಮಷಿನ್ನಿಗೆ ಕೂತೆ. ಅವಳಿಗೆ ಬೈಯಲಿಲ್ಲ, ಅವ್ವನಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಏಳುವುದು ತಪ್ಪಿತೆಂದು ಹಾಯೆನಿಸಿತ್ತು. ಈಗ ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಪಾಸಣೆಗೆಂದು ಮೂವರೂ ಹುಬ್ಬಳ್ಳಿಗೆ ಹೋದಾಗ, ರಕ್ತದ ವರದಿ ನೋಡಿದ ಡಾಕ್ಟರು, ಕಿಡ್ನಿಯ ಕೆಲಸ ಕುಗ್ಗಿದೆ ಎಂದರು. "ನೀರು ಸರಿಯಾಗಿ ಕುಡೀತಾರೇನ್ರಿ?" ಎಂದು ನನ್ನನ್ನು ಕೇಳಿದರು.

"ದಿನಾ ಬಾಟಲಿ ತುಂಬಿಡ್ತೇನ್ರಿ," ಎಂದೆ. ಸುಳ್ಳಂತೂ ಅಲ್ಲ. ಎಂಥ ಜಾಣೆ ನಾನು!

"ಪಾಯಖಾನಿಗೆ ಕರಕೊಂಡು ಹೋಗಾಕ ಮನ್ಯಾಗ ಯಾರಿರ್ತಾರ?"

ಅಕ್ಕ ನಡುವೆ ಬಾಯಿ ಹಾಕಿದಳು. "ತಂಗಿ ಇರ್ತಾಳ್ರಿ. ಎಷ್ಟು ಸಲ ಕರದ್ರೂ ಬರ್ತಾಳ. ತಪ್ಪು ನಂದ ಐತ್ರಿ, ನನಗ ನೀರು ಸೇರಂಗಿಲ್ಲ."

ನಾನು ಮೇಜಿನ ಮೇಲಿನ ವರದಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ವಾಪಸು ಬರುವಾಗ ಅವ್ವ ಶಿಗ್ಗಾವಿಯವರೆಗೂ ಅವಳನ್ನು ಬೈದಳು. "ಹೊಟ್ಟಿ ಕೊಯ್ಸಿಕೊಂಡು ಕೊಟ್ಟೇನಿ. ನಿನಗ ನೀರು ಕುಡ್ಯಾಕ ಬ್ಯಾಸರೇನ?" ಅಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬಂಕಾಪುರದಲ್ಲಿ ಬಸ್ಸು ನಿಂತಾಗ ನಾನು ಇಳಿದು, ನೀರಿನ ಬಾಟಲಿ ತಂದು ಅವಳ ಕೈಗಿಟ್ಟೆ. ಎರಡೇ ಗುಟುಕು ಕುಡಿದು ಮುಚ್ಚಳ ತಿರುಗಿಸಿದಳು.

"ಪೂರಾ ಕುಡಿ," ಎಂದೆ.

"ಬ್ಯಾಡ ಬಿಡವಾ," ಎಂದಳು, ಅವ್ವನಿಗೆ ಕೇಳಿಸದ ಹಾಗೆ. "ಮನಿ ಮುಟ್ಟೂದ್ರಾಗ ನಿನ್ನ ಕರೀಬೇಕಾಗತೈತಿ."