ಎದುರು ಹಡಗಿಗೆ ದೋಣಿಯಲ್ಲಿ ಹೋದ ವೈದ್ಯೆ: ತೈಸಿಯಾ ಅರ್ಖಿಪೊವ್ನಾ ಲೊಬೊದಾ

ವೈದ್ಯಶಾಸ್ತ್ರದ ದೊಡ್ಡ ಮನೆಯಲ್ಲಿ ನೌಕಾವೈದ್ಯ ಎಂಬ ಶಾಖೆಗೆ ಸಿಕ್ಕಿರುವುದು ಇಂದಿಗೂ ಹೊರಗಿನ ಜಗಲಿಯೇ. ಅದಕ್ಕೆ ಪೀಠಗಳಿಲ್ಲ, ಪದಕಗಳು ಕಡಿಮೆ. ನೆಲ ಕಾಣದ ಕಡಲಿನಲ್ಲಿ ಒಬ್ಬ ನಾವಿಕನ ಹಲ್ಲು ಕಿತ್ತು, ಇನ್ನೊಬ್ಬನ ಮುರಿದ ಕೈ ಕಟ್ಟಿ, ಮತ್ತೊಬ್ಬನ ಮನೆಯ ನೆನಪಿನ ಸಂಕಟಕ್ಕೆ ಕಿವಿಗೊಟ್ಟು ಬಂದರಿಗೆ ಮರಳುವ ವೈದ್ಯರ ಹೆಸರನ್ನು ಪಠ್ಯಪುಸ್ತಕಗಳು ಬರೆದಿಡುವುದಿಲ್ಲ. ಅಂಥ ಶಾಖೆಗೆ ಒಡೆಸ್ಸಾ ಬಂದರಿನಲ್ಲಿ ಒಂದು ಘನತೆಯನ್ನು ತಂದುಕೊಟ್ಟವರು, ಎರಡು ತಲೆಮಾರಿನ ಹಡಗುವೈದ್ಯರನ್ನು ತಮ್ಮ ಕೈಯಾರೆ ತಿದ್ದಿದವರು, ಈ ವಸಂತದಲ್ಲಿ ಬಂದರು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಿಂದ ನಿವೃತ್ತರಾಗುತ್ತಿರುವ ಡಾ. ತೈಸಿಯಾ ಅರ್ಖಿಪೊವ್ನಾ ಲೊಬೊದಾ ಅವರು. ಅವರ ಕೈಕೆಳಗೆ ಕಲಿತವರೆಲ್ಲ ಸೇರಿ ಈ ಅಭಿನಂದನ ಗ್ರಂಥವನ್ನು ಅರ್ಪಿಸುವ ಹೊತ್ತಿನಲ್ಲಿ, ಅವರೇ ಎಂದೂ ಹೇಳಿಕೊಳ್ಳದ ಒಂದು ಪ್ರಸಂಗವನ್ನು, ಅದನ್ನು ಕಣ್ಣಾರೆ ಕಂಡ ಕ್ಯಾಪ್ಟನ್ ಮತ್ತು ರೇಡಿಯೋ ಅಧಿಕಾರಿಯ ಬಾಯಿಂದ ಕೇಳಿ ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಬಂದರಿನ ಹಗ್ಗದ ಕಾರ್ಖಾನೆಯ ಕೆಲಸಗಾರನ ಮಗಳಾಗಿ ಹುಟ್ಟಿದ ತೈಸಿಯಾ ಅರ್ಖಿಪೊವ್ನಾ ಯುದ್ಧದ ವರ್ಷಗಳಲ್ಲಿ ದಾದಿಯಾಗಿ ಗಾಯಾಳುಗಳ ನಡುವೆ ಬೆಳೆದು, ಯುದ್ಧ ಮುಗಿದ ಮೇಲೆ ವೈದ್ಯವಿದ್ಯಾಲಯ ಸೇರಿದವರು. ಶಸ್ತ್ರವೈದ್ಯೆಯಾಗಿ ಹತ್ತು ವರ್ಷ ದುಡಿದ ಬಳಿಕ, ನಗರದ ನೆಮ್ಮದಿಯ ಕೆಲಸವನ್ನು ಬಿಟ್ಟು ಅವರು ‘ಯಾಲ್ಪುಗ್’ ಎಂಬ ಹಡಗನ್ನು ಹತ್ತಿದಾಗ ಬಂಧುಗಳು ಹುಬ್ಬೇರಿಸಿದರು. ಕಾಗದದ ಮೇಲೆ ಅದು ಮರ ಸಾಗಿಸುವ ಹಡಗು. ಅದರ ಹೊಟ್ಟೆಯಲ್ಲಿದ್ದುದು ಮಾತ್ರ ಆಕಾಶದ ಸದ್ದನ್ನು ಹಿಡಿಯುವ ಯಂತ್ರಗಳು. ನಮ್ಮ ದೇಶ ಚಂದ್ರನತ್ತ ಹಾರಿಸಿದ ಯಾನಗಳು ಭೂಮಿಯನ್ನು ಬಿಟ್ಟು ಹೊರಡಲು ಎಂಜಿನ್ ಹೊತ್ತಿಸುತ್ತಿದ್ದುದು ಆಫ್ರಿಕಾದ ಗಿನಿ ಕೊಲ್ಲಿಯ ನೆತ್ತಿಯ ಮೇಲೆ. ಎಂಜಿನ್ ಹೊತ್ತಿತೇ ಇಲ್ಲವೇ ಎಂಬುದನ್ನು ಕೆಳಗೆ ಕಡಲಿನಲ್ಲಿ ಕಾದು ಕುಳಿತು ಕೇಳಿಸಿಕೊಳ್ಳುವುದೇ ‘ಯಾಲ್ಪುಗ್’ನ ಕೆಲಸ.

ಅಲ್ಲಿ ಕಾಯುತ್ತಿದ್ದವರು ಇವರೊಬ್ಬರೇ ಅಲ್ಲ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ಬೂದು ಬಣ್ಣದ ಅಮೆರಿಕನ್ ಹಡಗೂ ಲಂಗರಿಲ್ಲದೆ ತೇಲುತ್ತಿತ್ತು. ಇವರು ಆಕಾಶಕ್ಕೆ ಕಿವಿಗೊಟ್ಟರೆ ಅವರು ಇವರಿಗೂ ಆಕಾಶಕ್ಕೂ ಒಟ್ಟಿಗೆ ಕಿವಿಗೊಡುತ್ತಿದ್ದರು. ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರೆ ಶತ್ರುಗಳಿಗೂ ಸಲಿಗೆ ಬಂದುಬಿಡುತ್ತದೆ. ಅವರ ಕಡೆಯ ಒಬ್ಬ ನಾವಿಕ, ಎಲ್ಲಿಂದ ಕಲಿತಿದ್ದನೋ, ಒಡಕು ರಷ್ಯನ್ ಭಾಷೆಯಲ್ಲಿ ಧ್ವನಿವರ್ಧಕ ಹಿಡಿದು ದಿನವೂ ಕೂಗುತ್ತಿದ್ದ:

“ಓ ಸಂಗಾತಿಗಳೇ! ಮರ ಮಾರೋಕೆ ಬಂದ್ರಾ? ನಡುನೀರಲ್ಲಿ ಯಾರ್ರೀ ಕೊಳ್ತಾರೆ?”

ನಮ್ಮವರೂ ಸುಮ್ಮನಿರುವವರಲ್ಲ. “ನೀವು ಮೀನು ಹಿಡಿಯೋಕೆ ಬಂದಿರಬೇಕು! ಬಲೆ ಎಲ್ಲಾ ಕಂಬದ ತುದೀಲಿ ಕಟ್ಟಿದೀರಲ್ಲಪ್ಪ, ಹಾರೋ ಮೀನೇ ಬೇಕಾ?” ಎಂದು ಅವರ ಆಂಟೆನಾಗಳತ್ತ ಕೈ ತೋರಿಸಿ ನಗುತ್ತಿದ್ದರು.

ಈ ನಗೆಯ ಕೆಳಗೆ ದೊಡ್ಡ ಆತಂಕವಿತ್ತು. ಮೊದಲ ಉಪಗ್ರಹ ನಮ್ಮದು, ಮೊದಲ ಗಗನಯಾತ್ರಿ ನಮ್ಮವನು. ಆದರೆ ಚಂದ್ರನ ಮೇಲೆ ಯಂತ್ರವೊಂದನ್ನು ಒಡೆಯದಂತೆ ಇಳಿಸುವ ಯತ್ನಗಳು ಒಂದರ ಹಿಂದೊಂದು ಕೈಕೊಟ್ಟಿದ್ದವು. ಆ ಕಡೆಯವರೂ ಅದೇ ಕೆಲಸಕ್ಕೆ ಸಿದ್ಧರಾಗುತ್ತಿದ್ದಾರೆಂಬ ಸುದ್ದಿ ಹಬ್ಬಿತ್ತು. 1966ರ ಚಳಿಗಾಲದ ಆ ಉಡಾವಣೆಯಾದರೂ ಗೆಲ್ಲಲೇಬೇಕೆಂದು ಹಡಗಿನ ಯಂತ್ರಜ್ಞರು ಊಟ ನಿದ್ದೆ ಬಿಟ್ಟಿದ್ದರು. ಸೆಖೆಗೆ ಬಳಲಿದ ಅವರಿಗೆ ನೀರು ಬೆರೆಸಿದ ಹುಳಿ ದ್ರಾಕ್ಷಾರಸವನ್ನು ಬಿಸಿಲುನಾಡಿನ ಕಡಲಿಗೆ ಹೋಗುವ ಹಡಗುಗಳ ನಿಯಮದಂತೆ ಅಳೆದು ಕುಡಿಸುವುದು, ಬೋರ್ಷ್ ಸಾರು ಮುಟ್ಟದವರನ್ನು ಗದರಿ ಕೂರಿಸುವುದು, ಇವೇ ಆಗ ಡಾಕ್ಟರಮ್ಮನವರ ಮುಖ್ಯ ಕೆಲಸಗಳಾಗಿದ್ದವು.

ಯಾನ ತಲೆಯ ಮೇಲೆ ಹಾದುಹೋಗಬೇಕಿದ್ದ ದಿನವೇ, ಬೆಳಗಿನ ಹೊತ್ತಿನಲ್ಲಿ, ಬೂದು ಹಡಗಿನಿಂದ ಎಂದಿನ ಗೇಲಿಯ ದನಿಯ ಬದಲು ಬೇರೊಂದು ದನಿ ಇಂಗ್ಲಿಷಿನಲ್ಲಿ ಕೇಳಿಬಂತು. ರೇಡಿಯೋ ಅಧಿಕಾರಿ ಎಮಿಲ್ ಹಡಗಿನ ಅಂಚಿನ ಕಟಕಟೆಗೆ ಒರಗಿ ಕೇಳಿ ಕ್ಯಾಪ್ಟನ್ ಗೆರಾಸಿಮ್ ಫೊಮಿಚ್ ಅವರ ಬಳಿ ಓಡಿದರು.

“ಅವರಲ್ಲೊಬ್ಬ ಹುಡುಗನಿಗೆ ಹೊಟ್ಟೆನೋವಂತೆ, ಮೂರು ದಿನದಿಂದ. ಈಗ ಮೈಯೆಲ್ಲಾ ಕೆಂಡವಂತೆ. ಅವರ ಡಾಕ್ಟ್ರು ಜ್ವರ ಬಂದು, ಹೋದ ವಾರ ಲಾಗೋಸ್ ಬಂದರಲ್ಲಿ ಇಳಿದುಹೋದ್ರಂತೆ. ನಮ್ಮಲ್ಲಿ ಡಾಕ್ಟ್ರು ಇದಾರಾ ಅಂತ ಕೇಳ್ತಿದಾರೆ.”

ಕಮ್ಯುನಿಸ್ಟ್ ಪಕ್ಷದ ಪ್ರತಿನಿಧಿಯಾಗಿ ಹಡಗಿನಲ್ಲಿದ್ದ ರೊಸ್ತಿಸ್ಲಾವ್ ಕುಝ್ಮಿಚ್ ಕೂಡಲೇ ಕೈ ಅಡ್ಡ ಹಿಡಿದರು. “ಇವತ್ತೇ ಹೊಟ್ಟೆನೋವಾ? ಸರಿಯಾಗಿ ಇವತ್ತೇ? ಇದು ನಾಟಕ, ಗೆರಾಸಿಮ್ ಫೊಮಿಚ್. ನಮ್ಮ ಗಮನ ಬೇರೆ ಕಡೆ ಎಳೆಯೋಕೆ ಹೂಡಿರೋ ಆಟ. ಮಾಸ್ಕೋನ ಕೇಳದೆ ಯಾರೂ ಕದಲೋ ಹಾಗಿಲ್ಲ.”

“ಮಾಸ್ಕೋನ ಕೇಳೋಕೆ ರೇಡಿಯೋ ಬೇಕು. ಯಾನ ದಾಟೋವರೆಗೂ ರೇಡಿಯೋ ಮುಟ್ಟೋ ಹಾಗಿಲ್ಲ,” ಎಂದರು ಕ್ಯಾಪ್ಟನ್. ಆಮೇಲೆ, ಅಷ್ಟರಲ್ಲಿ ಮೇಲೆ ಬಂದು ನಿಂತಿದ್ದ ವೈದ್ಯೆಯತ್ತ ತಿರುಗಿದರು. “ತೈಸಿಯಾ ಅರ್ಖಿಪೊವ್ನಾ, ನೀವೇನಂತೀರಿ?”

“ನಾಟಕ ಆದ್ರೆ ನೋಡ್ಕೊಂಡು ಬರ್ತೀನಿ,” ಎಂದರು ಅವರು. “ನಾಟಕ ಅಲ್ದಿದ್ರೆ, ಅಪೆಂಡಿಕ್ಸ್ ಒಡೆದಿರುತ್ತೆ. ಸಂಜೆವರೆಗೂ ಕಾದ್ರೆ ನಾನು ಹೋಗಿ ಮಾಡೋದು ಏನೂ ಇರಲ್ಲ.”

“ಅಲ್ಲಿಗೆ ಕಾಲಿಟ್ರೆ ನಿಮ್ಮ ಗತಿ ಏನಾಗುತ್ತೆ ಗೊತ್ತಾ?” ಎಂದು ಕೇಳಿದರು ರೊಸ್ತಿಸ್ಲಾವ್ ಕುಝ್ಮಿಚ್. ಅವರ ದನಿಯಲ್ಲಿ ಬೆದರಿಕೆಗಿಂತ ಹೆಚ್ಚಾಗಿ ಕಳಕಳಿಯಿತ್ತೆಂದು ಎಮಿಲ್ ಇಂದಿಗೂ ನೆನೆಯುತ್ತಾರೆ.

“ಗೊತ್ತು. ಅದನ್ನ ಬಂದ್ಮೇಲೆ ಮಾತಾಡೋಣ. ಎಮಿಲ್, ನನ್ನ ಪೆಟ್ಟಿಗೆ ತಗೊಳ್ಳಪ್ಪ. ಈಥರ್ ಬಾಟ್ಲಿ ಹುಷಾರು.”

ಕ್ಯಾಪ್ಟನ್ ದೋಣಿ ಇಳಿಸಲು ಅಪ್ಪಣೆ ಕೊಟ್ಟರು. ಕೆಳಗೆ ಯಂತ್ರಗಳ ಮುಂದೆ ಕೂತವರಿಗೆ ಈ ಯಾವುದೂ ತಿಳಿಯದು. ಏರುವ ಅಲೆಗಳ ಮೇಲೆ ದೋಣಿ ಕುಣಿಯುತ್ತ ಹೋದಾಗ, ದಿನವೂ ಬೈದಾಡುತ್ತಿದ್ದ ಎರಡೂ ಹಡಗುಗಳ ನಾವಿಕರು ಎರಡೂ ಕಟಕಟೆಗಳಲ್ಲಿ ಸಾಲುಗಟ್ಟಿ ನಿಂತು ನೋಡುತ್ತಿದ್ದರಂತೆ.

ನಾಟಕವಾಗಿರಲಿಲ್ಲ. ಹುಡುಗನ ಹೆಸರು ಡಿಲ್ಲರ್ಡ್. ಅಡುಗೆಮನೆಯ ಸಹಾಯಕ, ಇಪ್ಪತ್ತು ತುಂಬಿರಲಿಲ್ಲ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಊಟದ ಮೇಜನ್ನು ಕುದಿನೀರಿನಲ್ಲಿ ತೊಳೆಸಿ, ನಾಲ್ಕು ಕಾಲುಗಳನ್ನೂ ಹಗ್ಗದಿಂದ ನೆಲಕ್ಕೆ ಬಿಗಿಸಿ, ತೈಸಿಯಾ ಅರ್ಖಿಪೊವ್ನಾ ಕೈ ತೊಳೆದು ನಿಂತರು. ಆ ಹಡಗಿನ ಔಷಧಿ ಸಹಾಯಕ ಎಚ್ಚರ ತಪ್ಪಿಸುವ ಈಥರ್ ಹಿಡಿದ. ದೀಪ ಹಿಡಿಯಲು ಮುಂದೆ ಬಂದವರು ಆ ಹಡಗಿನ ಉಪನಾಯಕ, ನೆರೆತ ತಲೆಯ ಗಂಭೀರ ಮನುಷ್ಯ. ರಕ್ತ ಕಂಡರೆ ತಲೆ ತಿರುಗುವ ಎಮಿಲ್ ಗೋಡೆಯತ್ತ ಮುಖ ಮಾಡಿ ನಿಂತು, ಅಲ್ಲಿಂದಲೇ ಎರಡೂ ಭಾಷೆಗಳಲ್ಲಿ ಕೂಗಿ ತರ್ಜುಮೆ ಮಾಡುತ್ತಿದ್ದರು.

“ಹುಡುಗ ನಿದ್ದೆ ಹೋಗೋಕೆ ಮುಂಚೆ ಏನೋ ಕೇಳ್ತಿದಾನೆ, ಡಾಕ್ಟ್ರಮ್ಮ.”

“ಏನಂತೆ?”

“ನೀವು ನಿಜವಾಗ್ಲೂ ಡಾಕ್ಟ್ರಾ, ಇಲ್ಲಾ ಮರ ಕಡಿಯೋರಾ ಅಂತ.”

“ಎದ್ಮೇಲೆ ಹೇಳ್ತೀನಂತ ಹೇಳು.”

ಹಡಗು ಓಲಾಡುತ್ತಿತ್ತು. ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು. ಅಲೆ ಎತ್ತಿದಾಗ ಕೈ ನಿಲ್ಲಿಸಿ, ಇಳಿದಾಗ ಮುಂದುವರಿಸಿ, ಅವರು ತಾಳ್ಮೆಯಿಂದ ಕೆಲಸ ನಡೆಸುತ್ತಿದ್ದ ನಡುವೆ ಮೇಲಿನ ಅಂತಸ್ತಿನಲ್ಲೆಲ್ಲೋ ಗುಲ್ಲೆದ್ದಿತು. ಒಬ್ಬ ತರುಣ ಓಡಿಬಂದು ಉಪನಾಯಕರ ಕಿವಿಯಲ್ಲಿ ಏನೋ ಉಸುರಿ ಹೋದ. ಆ ಮನುಷ್ಯ ದೀಪವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, ಹೇಳಬಾರದ್ದನ್ನು ಹೇಳುವವರ ಮೆಲುದನಿಯಲ್ಲಿ ಎಮಿಲ್‌ಗೆ ಒಂದು ಮಾತು ಹೇಳಿದರು. ಗೋಡೆ ನೋಡುತ್ತಿದ್ದ ಎಮಿಲ್ ಅದನ್ನು ಮರೆತು ಇತ್ತ ತಿರುಗಿಬಿಟ್ಟರು.

“ಡಾಕ್ಟ್ರಮ್ಮ! ನಮ್ದು ಹೊತ್ಕೊಂಡಿತಂತೆ! ಎಂಜಿನ್ ಹೊತ್ಕೊಂಡಿತಂತೆ, ಚಂದ್ರನ ದಾರಿ ಹಿಡಿದಿದೆಯಂತೆ! ಇವರು ಕೇಳಿಸ್ಕೊಂಡಿದಾರೆ!”

ವರ್ಷಗಳಿಂದ ಇಡೀ ಹಡಗು ಕಾದಿದ್ದ ಸುದ್ದಿ ತೈಸಿಯಾ ಅರ್ಖಿಪೊವ್ನಾ ಅವರಿಗೆ ತಲುಪಿದ್ದು ಹೀಗೆ, ಎದುರಾಳಿಯ ಬಾಯಿಂದ, ಎದುರಾಳಿಯ ಹುಡುಗನ ತೆರೆದ ಹೊಟ್ಟೆಯ ಮೇಲೆ ಬಾಗಿದ್ದಾಗ. ಅವರ ಕಣ್ಣು ಒಂದು ಕ್ಷಣ ತುಂಬಿ ಬಂತೆಂದು ಎಮಿಲ್ ಹೇಳುತ್ತಾರೆ. ಆದರೆ ಬಾಯಿಂದ ಬಂದ ಮಾತು ಬೇರೆ.

“ಸಂತೋಷ. ದೀಪ ಅಲ್ಲಾಡ್ತಿದೆ, ನೆಟ್ಟಗೆ ಹಿಡೀಲಿಕ್ಕೆ ಹೇಳು.”

ದೀಪ ನೆಟ್ಟಗಾಯಿತು. ಹೊಲಿಗೆ ಮುಗಿಯಿತು. ಹೊರಡುವಾಗ ಉಪನಾಯಕರು ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ ಧ್ವನಿವರ್ಧಕದಲ್ಲಿ ಅದೇ ಒಡಕು ರಷ್ಯನ್ ದನಿ ಕೇಳಿಸಿತು: “ಓ ಡಾಕ್ಟ್ರಮ್ಮ! ಹುಡುಗ ಸೂಪ್ ಕುಡ್ದ! ಚೆನ್ನಾಗಿಲ್ಲ ಅಂತ ಬೈದ!” ‘ಯಾಲ್ಪುಗ್’ನ ನಾವಿಕರು ಟೋಪಿ ಹಾರಿಸಿ ಕುಣಿದರು. ಆ ವಾರದಲ್ಲೇ ನಮ್ಮ ಯಾನ ಚಂದ್ರನ ಮೇಲೆ ಮೆಲ್ಲನೆ ಇಳಿದು ಅಲ್ಲಿಯ ನೆಲದ ಚಿತ್ರಗಳನ್ನು ಕಳಿಸಿತು.

ಒಡೆಸ್ಸಾಗೆ ಮರಳಿದ ಮೇಲೆ ಭದ್ರತಾ ಇಲಾಖೆಯವರು ತೈಸಿಯಾ ಅರ್ಖಿಪೊವ್ನಾ ಅವರನ್ನು ಕ್ಯಾಪ್ಟನ್ ಜೊತೆಗೆ ಒಂದು ಕೋಣೆಗೆ ಕರೆಸಿದರು. ಅಲ್ಲಿದ್ದವರು ಒರಟಾಗಿ ನಡೆದುಕೊಳ್ಳಲಿಲ್ಲ. ಹೋದದ್ದನ್ನು ಕ್ಷಮಿಸಬಹುದು, ಬದಲಿಗೆ ಆ ಹಡಗಿನಲ್ಲಿ ಕಂಡ ಯಂತ್ರಗಳೇನು, ಕೇಳಿದ ಮಾತುಗಳೇನು, ಯಾರು ಏನು ಹೇಳಿದರು ಎಂಬುದನ್ನೆಲ್ಲ ತಿಳಿಸಿದರೆ ಸಾಕು ಎಂದರು. ಆ ನೆರೆತ ತಲೆಯ ಉಪನಾಯಕ ಬಾಯಿ ತಪ್ಪಿ, ಅಥವಾ ಮನಸ್ಸು ತಡೆಯದೆ ಹೇಳಿದ, ನಮ್ಮ ಯಾನದ ಸದ್ದು ತಮಗೂ ಕೇಳಿಸುತ್ತದೆಂದು ಬಯಲುಮಾಡಿದ ಒಂದು ಮಾತು ಆ ಕೋಣೆಯವರಿಗೆ ಎಷ್ಟು ಬೆಲೆಬಾಳುತ್ತಿತ್ತೆಂಬುದು ತೈಸಿಯಾ ಅರ್ಖಿಪೊವ್ನಾ ಅವರಿಗೆ ತಿಳಿಯದ್ದೇನಲ್ಲ.

“ನಾನು ಕಂಡಿದ್ದು ಒಂದು ಹೊಟ್ಟೆ,” ಎಂದರು ಅವರು. “ಅದರ ವಿಷಯ ಏನು ಬೇಕಾದ್ರೂ ಕೇಳಿ, ಹೇಳ್ತೀನಿ.”

“ಮತ್ತೇನೂ ಕಾಣ್ಲಿಲ್ವೇ?”

“ವೈದ್ಯೆ ಅಂತ ಕರೆಸಿದ್ರು. ರೋಗಿಯ ಮನೆಗೆ ಹೋದವಳು ಅವರ ಬೀರು ತೆಗೆದು ನೋಡಲ್ಲ.”

ಅವರ ಕಡಲಿನ ಪರವಾನಗಿಯನ್ನು ಕಿತ್ತುಕೊಂಡರು. ಎಮಿಲ್‌ರನ್ನೂ ವಿಚಾರಿಸಿದರು. ರಕ್ತಕ್ಕೆ ಹೆದರಿ ಗೋಡೆ ನೋಡುತ್ತ ನಿಂತಿದ್ದೆ ಎಂಬ ಅವರ ಮಾತನ್ನು ಎಲ್ಲರೂ ನಂಬಿದರು, ಅದು ನಿಜವೇ ಆಗಿತ್ತಲ್ಲ! ಏಳು ವರ್ಷ ತೈಸಿಯಾ ಅರ್ಖಿಪೊವ್ನಾ ನೆಲದ ಮೇಲೆ ಉಳಿದರು. ಕಡಲನ್ನು ಅಷ್ಟು ಪ್ರೀತಿಸಿದವರಿಗೆ ಅದು ಸಣ್ಣ ಶಿಕ್ಷೆಯಲ್ಲ. ಬಂದರಿನ ಮೆಟ್ಟಿಲ ಬಳಿ ಹಡಗುಗಳು ಹೊರಡುವುದನ್ನು ನೋಡುತ್ತ ಒಬ್ಬರೇ ನಿಂತಿರುತ್ತಿದ್ದುದನ್ನು ಆಸ್ಪತ್ರೆಯವರು ಕಂಡಿದ್ದಾರೆ. ಅವರ ಬಾಯಿಂದ ಒಂದು ದೂರನ್ನೂ ಯಾರೂ ಕೇಳಿಲ್ಲ.

ಆ ಏಳು ವರ್ಷ ನಮ್ಮ ಪಾಲಿಗೆ ಭಾಗ್ಯವಾಯಿತು. ಬಂದರು ಆಸ್ಪತ್ರೆಯಲ್ಲಿ ಅವರು ಹಡಗುವೈದ್ಯರಿಗಾಗಿ ತರಬೇತಿ ಆರಂಭಿಸಿದ್ದು ಆಗಲೇ. ಝೋಯಾ ಎಂಬ ತರುಣ ವೈದ್ಯೆಯ ಮೊದಲ ರೋಗಿ ಮೇಜಿನ ಮೇಲೆಯೇ ತೀರಿಕೊಂಡಾಗ, ಇನ್ನು ಚಾಕು ಮುಟ್ಟುವುದಿಲ್ಲವೆಂದು ಆಕೆ ಅತ್ತು ಕೂತಳು. ತೈಸಿಯಾ ಅರ್ಖಿಪೊವ್ನಾ ಉಪದೇಶ ಮಾಡಲಿಲ್ಲ. ಮನೆಗೆ ಕರೆದೊಯ್ದು ಬಿಸಿ ಗ್ರೇಚ್ಕಾ ಕಾಳಿನ ಅಂಬಲಿಗೆ ಬೆಣ್ಣೆ ಹಾಕಿ ಎದುರು ಕೂತು ತಿನ್ನಿಸಿದರು. ಮಾರನೆಯ ಬೆಳಗ್ಗೆ ಶಸ್ತ್ರಕೋಣೆಯಲ್ಲಿ, “ಬಾ ಮಗಳೇ, ಇವತ್ತು ನಾನು ನಿನ್ನ ಸಹಾಯಕಿ,” ಎಂದು ಚಾಕುವನ್ನು ಆಕೆಯ ಕೈಗಿತ್ತರು. ಇಂದು ಆ ವಿಭಾಗವನ್ನು ಅವರಿಂದ ವಹಿಸಿಕೊಳ್ಳುತ್ತಿರುವವರು ಅದೇ ಝೋಯಾ ಅವರು.

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಆ ಕಡೆಯವರಾದರು. ಆ ದಿನ ಆಸ್ಪತ್ರೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ತರುಣ ವೈದ್ಯರನ್ನು ಕಂಡು ಅವರು, “ಹೋದ ಹುಡುಗರು ಹುಷಾರಾಗಿ ವಾಪಸ್ ಬರ್ತಾರಾ, ಅದನ್ನ ಕೇಳ್ರೋ ಮೊದ್ಲು!” ಎಂದು ಗದರಿದ್ದು ನಮಗೆಲ್ಲ ನೆನಪಿದೆ.

ಕಾಲ ಬದಲಾಯಿತು. ಅಷ್ಟರಲ್ಲಿ ಮೇಲಿನ ಹುದ್ದೆಗೇರಿದ್ದ ಗೆರಾಸಿಮ್ ಫೊಮಿಚ್ ಹಟ ಹಿಡಿದು ಅವರ ಪರವಾನಗಿಯನ್ನು ಮರಳಿ ಕೊಡಿಸಿದರು. ಅದಕ್ಕೆ ಸಹಿ ಹಾಕಿದವರಲ್ಲಿ ರೊಸ್ತಿಸ್ಲಾವ್ ಕುಝ್ಮಿಚ್ ಅವರೂ ಒಬ್ಬರೆಂಬುದನ್ನು ಇಲ್ಲಿ ಗೌರವದಿಂದ ಸ್ಮರಿಸಬೇಕು. 1975ರಲ್ಲಿ ಎರಡು ದೇಶಗಳ ನೌಕೆಗಳು ಬಾಹ್ಯಾಕಾಶದಲ್ಲಿ ಕೂಡಿಕೊಂಡ ದಿನ ತೈಸಿಯಾ ಅರ್ಖಿಪೊವ್ನಾ ಅಟ್ಲಾಂಟಿಕ್‌ನಲ್ಲಿ, ಹೊಸ ಹಡಗೊಂದರ ಮೇಲೆ ಇದ್ದರು. ಮೇಲಿನಿಂದ ಇಳಿದು ಬರುತ್ತಿದ್ದ ರಷ್ಯನ್, ಇಂಗ್ಲಿಷ್ ದನಿಗಳನ್ನು ಕೇಳಲು ಅಡುಗೆಯವರೂ ಸೌಟು ಕೆಳಗಿಟ್ಟು ಬಂದು ನಿಂತಿದ್ದರು. ಬಾಗಿಲು ತೆರೆದು ಯಾತ್ರಿಗಳು ಕೈಕುಲುಕಿದ ಸುದ್ದಿ ಬಂದಾಗ ಅದೇ ಹಡಗಿನಲ್ಲಿದ್ದ ಗೆರಾಸಿಮ್ ಫೊಮಿಚ್ ಎಲ್ಲರೆದುರು ನಕ್ಕು ಹೇಳಿದರು:

“ನೋಡಿದ್ರಾ ತೈಸಿಯಾ ಅರ್ಖಿಪೊವ್ನಾ? ಇವರಿಗೆ ಅಲ್ಲಿವರೆಗೂ ಹಾರ್ಬೇಕಾಯ್ತು. ನೀವು ದೋಣೀಲೇ ಹೋಗಿಬಂದ್ರಿ.”

ಅವರು ಮುಖವನ್ನು ಕಡಲಿನತ್ತ ತಿರುಗಿಸಿದರು. ಮತ್ತೆ ಇತ್ತ ತಿರುಗಿದಾಗ ಆ ಮುಖದಲ್ಲಿದ್ದ ನಗುವನ್ನು, ಅಂಥ ನಗುವನ್ನು, ತಾವು ಮತ್ತೆಂದೂ ಯಾರಲ್ಲಿಯೂ ಕಂಡಿಲ್ಲವೆಂದು ಗೆರಾಸಿಮ್ ಫೊಮಿಚ್ ಹೇಳುತ್ತಾರೆ.

ಈ ಅಭಿನಂದನ ಸಮಾರಂಭದ ದಿನವನ್ನು ಗೊತ್ತುಮಾಡಲು ನಮ್ಮ ಸಮಿತಿಯವರು ಅವರ ಮನೆಗೆ ಹೋದಾಗ, ಅವರು ಕೈಚೀಲಕ್ಕೆ ಕನ್ನಡಕ ಹಾಕಿಕೊಳ್ಳುತ್ತ ಹೊರಗೆ ಹೊರಟು ನಿಂತಿದ್ದರು. “ಗುರುವಾರ ಮಾತ್ರ ಬೇಡ. ಗುರುವಾರ ಹುಡುಗರಿಗೆ ಹೊಲಿಗೆ ಹಾಕೋದು ಕಲಿಸ್ಬೇಕು,” ಎಂದರು.

“ನಿವೃತ್ತಿ ಆದ್ಮೇಲೂ?” ಎಂದು ನಮ್ಮಲ್ಲೊಬ್ಬರು ಕೇಳಿದರು.

“ನಿವೃತ್ತಿ ಆಗ್ತಿರೋದು ನಾನು. ಹಡಗುಗಳು ಹೊರಡೋದು ನಿಂತಿದೆಯೇನಪ್ಪ?”

ಆದ್ದರಿಂದ ಸಮಾರಂಭ ಶನಿವಾರಕ್ಕೆ ನಿಗದಿಯಾಗಿದೆ. ಪೂಜ್ಯ ತೈಸಿಯಾ ಅರ್ಖಿಪೊವ್ನಾ ಅವರಿಗೆ ಕಡಲಗಾಳಿ ಆರೋಗ್ಯವನ್ನು ತರಲಿ, ಕೈಗಳು ಹೀಗೆಯೇ ನಡುಗದಿರಲಿ, ನೂರು ವಸಂತಗಳು ಅವರ ಬಾಗಿಲಿಗೆ ಬರಲಿ ಎಂದು ಹಾರೈಸುತ್ತೇವೆ. ಅವರ ಗುರುವಾರಗಳು ಬಹುಕಾಲ ನಮ್ಮವಾಗಿಯೇ ಉಳಿಯಲಿ.