ಫೇರ್ ಬರೆದುಕೊಂಡು ಬಾ ಎಂದವಳು ನಾನೇ

ಅಕ್ಷರವೆಲ್ಲ ಕನ್ನಡ, ಆದರೆ ಒಂದು ಮಾತೂ ಅರ್ಥವಾಗಲಿಲ್ಲ. ಹಳಿಯಾಳದ ಕಾಲೇಜೊಂದಕ್ಕೆ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಬಂದ ಮೊದಲ ವಾರ ಬಿ.ಎ. ಓದುವ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ನೋಟ್ಸ್ ಪುಸ್ತಕ ಇಟ್ಟಳು. ಪುಟದ ನಡುವೆ ಉಪನ್ಯಾಸಕರು ಹೇಳಿ ಬರೆಸಿದ ನೋಟ್ಸ್, ಅಂಚಿನಲ್ಲಿ ಇರುವೆ ಸಾಲಿನಂಥ ಸಣ್ಣ ಬರವಣಿಗೆ. ಕನ್ನಡ ಎಂ.ಎ. ಮಾಡಿದ ನಾನು ಅದನ್ನು ಗಟ್ಟಿಯಾಗಿ ಓದಬಲ್ಲವಳಾಗಿದ್ದೆ, ತಿಳಿಯಲಾರದವಳಾಗಿದ್ದೆ.

"ಇದೇನಮ್ಮ ಇದು?"

"ಕೊಂಕಣಿ ಐತ್ರಿ ಮೇಡಂ. ನನಗ ತಿಳೀಲಿ ಅಂತ ಬರಕೊಂಡೇನ್ರಿ."

ಅವಳ ಹೆಸರು ಫಿಲೋಮಿನಾ. ಸಿದ್ದಿಯರ ಹುಡುಗಿ. ನಮ್ಮೂರು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕೂತು ಇದನ್ನು ಓದುವ ನಮ್ಮವರಿಗಾಗಿ ಹೇಳುತ್ತೇನೆ: ಸಿದ್ದಿಯರೆಂದರೆ ಆಫ್ರಿಕಾ ಮೂಲದವರು. ಎಷ್ಟೋ ತಲೆಮಾರುಗಳಿಂದ ಈ ಕಾಡಂಚಿನ ಹಳ್ಳಿಗಳಲ್ಲಿ ಗದ್ದೆ, ಕೂಲಿ ಮಾಡಿಕೊಂಡು ಬಾಳುತ್ತಿರುವವರು. ಅಷ್ಟಾದರೂ ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಅವಳನ್ನು "ಯಾವ ದೇಶ ನಿಂದು?" ಎಂದು ಕೇಳುತ್ತಾರೆ.

ಆ ಪ್ರಶ್ನೆ ನನಗೂ ಬಂದಿತ್ತು, ಸ್ವಲ್ಪ ಮರ್ಯಾದೆಯಿಂದ. ಒಂಟಿ ಹೆಂಗಸಿಗೆ ಮನೆ ಕೊಡಲು ನಾಲ್ಕು ಕಡೆ ಹಿಂದೆಮುಂದೆ ನೋಡಿದರು. ಕೊನೆಗೆ ಕೊಟ್ಟವರು ಖಲೀದಾ ಆಪಾ. ಗಂಡನದು ಲಾರಿ ರಿಪೇರಿ ಗ್ಯಾರೇಜು. "ಅಕ್ಕೋರ, ನಿಮ್ಮ ಕನ್ನಡ ಭಾಳ ಬ್ಯಾರೆ ಐತಿ ನೋಡ್ರಿ" ಎಂದು ನಕ್ಕು ಬೀಗದ ಕೈ ಕೊಟ್ಟರು. ಇಲ್ಲಿ ಪಾಠ ಹೇಳುವ ಹೆಂಗಸು 'ಅಕ್ಕೋರು', ನಮ್ಮಲ್ಲಿ 'ಮಿಸ್ಸು'. ನಮ್ಮ 'ಐತೆ' ಇಲ್ಲಿ 'ಐತಿ'. ಮುದ್ದೆ ನುಂಗುತ್ತಿದ್ದ ಗಂಟಲಿಗೆ ಆಪಾ ಕೊಡುವ ಜೋಳದ ಭಕ್ರಿಯನ್ನು ಅಗಿಯುವುದು ಕಲಿಸಬೇಕಾಯಿತು. ಭಾನುವಾರ ಮಧ್ಯಾಹ್ನಗಳು ಮಾತ್ರ ಕಷ್ಟ. ಅಮ್ಮ ಫೋನಿನಲ್ಲಿ "ಎಪ್ಪುಡೊಸ್ತಾವು?" ಎನ್ನುತ್ತಾಳೆ, ಯಾವಾಗ ಬರ್ತೀಯ ಎಂದು. ನಮ್ಮ ಮನೆಮಾತು ತೆಲುಗು. ಅಕ್ಷರ ಕಲಿತದ್ದು ಕನ್ನಡದಲ್ಲಿ. ಫೋನಿಟ್ಟ ಮೇಲೆ ಈ ಊರಿನಲ್ಲಿ ತೆಲುಗಾಡಲು ಒಂದು ನಾಯಿಯೂ ಇಲ್ಲವಲ್ಲ ಎಂದು ಅಳು ಬರುತ್ತಿತ್ತು.

ಇರಲಿ, ಪುಸ್ತಕದ ವಿಷಯಕ್ಕೆ ಬರುತ್ತೇನೆ. ಈಗಿನ ಬಿ.ಎ. ಮಕ್ಕಳ ತಲೆಗೆ ಇತಿಹಾಸ, ಸಾಹಿತ್ಯ, ಕಾನೂನು, ಪರಿಸರ ವಿಜ್ಞಾನ, ಮೇಲೊಂದಿಷ್ಟು ಪ್ರೋಗ್ರಾಮಿಂಗ್ ಎಲ್ಲವನ್ನೂ ತುರುಕಿದ್ದಾರೆ. ಫಿಲೋಮಿನಾ ಐದನ್ನೂ ಒಂದೇ ದಪ್ಪ ಪುಸ್ತಕದಲ್ಲಿ ಬರೆದಿದ್ದಳು. ಅಂಚಿನ ಕೊಂಕಣಿಯನ್ನು ನನಗಾಗಿ ಕನ್ನಡ ಮಾಡಿ ಹೇಳಿದಳು. ಪ್ರೋಗ್ರಾಮಿಂಗಿನಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಪಕ್ಕದಲ್ಲಿ: ನೀರಿನ ಹರವಿ ತುಂಬುವ ತನಕ ಬಾವಿಗೆ ಹೋಗಿ ಬರುತ್ತಿರು, ಪ್ರತಿ ಸಲ ಇಣುಕಿ ನೋಡು, ತುಂಬಿದ್ದರೆ ಕೂತುಕೋ. ಅರಣ್ಯ ಹಕ್ಕು ಕಾಯ್ದೆಯ ಪಕ್ಕದಲ್ಲಿ: ಅಪ್ಪ ಜಮೀನಿಗೆ ಹಾಕಿದ ಅರ್ಜಿಯೊಂದಿಗೆ ಯಾವ ಯಾವ ಕಾಗದ ಇರಬೇಕಿತ್ತು, ಯಾವುದು ಇಲ್ಲ. ಇತಿಹಾಸದಲ್ಲಿ ಉಪನ್ಯಾಸಕರು ಬರೆಸಿದ್ದು ಒಂದೇ ಸಾಲು, 'ಸಿದ್ದಿಯರು ಆಫ್ರಿಕಾದಿಂದ ಬಂದರು' ಎಂದು. ಅವಳು ಬರೆದುಕೊಂಡದ್ದು: ನಾವಾಗಿ ಬರಲಿಲ್ಲ, ಹಿಡಿದು ತಂದರು, ಅಜ್ಜಿಯನ್ನು ಕೇಳಬೇಕು. ಹಾಸ್ಟೆಲಿನ ಕೊಂಕಣಿ ಹುಡುಗಿಯರೆಲ್ಲ ಓದುತ್ತಿದ್ದದ್ದು ಈ ಅಂಚನ್ನೇ.

ಕೇಳಿ ಖುಷಿಪಟ್ಟೆ. ಆಮೇಲೆ ನಾನು ಏನು ಮಾಡಿದೆ ಗೊತ್ತೆ? ಪುಸ್ತಕ ಮುಚ್ಚಿ, "ಚೆನ್ನಾಗಿದೆ, ಆದರೆ ಇದು ರಫ್. ಅಂಚು ಖಾಲಿ ಬಿಟ್ಟು ಫೇರ್ ಬರೆದುಕೊಂಡು ಬಾ" ಎಂದೆ. ಕಾಲೇಜಿನ ಪದ್ಧತಿ ಹಾಗಿತ್ತು. ಪುಟಪುಟಕ್ಕೂ ಬಿ.ಎ. ವಿಭಾಗದ ಮುಖ್ಯಸ್ಥರ ಕೆಂಪು ಶಾಯಿಯ ಸಹಿ ಬೀಳಬೇಕು. ಸಹಿ ಇದ್ದರೆ ಆಂತರಿಕ ಅಂಕ, ಅಂಕ ಇದ್ದರೆ ಹಾಲ್ ಟಿಕೆಟ್. ಅರ್ಥವಾಯಿತೋ ಬಿಟ್ಟಿತೋ ಯಾರೂ ಕೇಳುವುದಿಲ್ಲ. ಅಂಚು ಬೆಳ್ಳಗಿರಬೇಕು, ಅಷ್ಟೇ. ಹೊಸಬಳಾದ ನಾನು ಮುಖ್ಯಸ್ಥರ ಕಣ್ಣಲ್ಲಿ ಒಳ್ಳೆಯವಳಾಗಲು ಹೊರಟಿದ್ದೆ.

ಅವಳು ಐದು ವಿಷಯ, ಇನ್ನೂರಕ್ಕೂ ಹೆಚ್ಚು ಪುಟ, ಮತ್ತೆ ಮೊದಲಿನಿಂದ ಬರೆದಳು. ಬರೆದು ಮುಗಿಸುವಷ್ಟರಲ್ಲಿ ಪುಸ್ತಕ ಒಪ್ಪಿಸುವ ಕೊನೆಯ ದಿನ ದಾಟಿ ಎರಡು ದಿನವಾಗಿತ್ತು. ಮುಖ್ಯಸ್ಥರು ಪುಸ್ತಕ ಮುಟ್ಟಲಿಲ್ಲ. ಅವಳು ಹಾಸಿಗೆ ಸುತ್ತಿಕೊಂಡು ಊರಿಗೆ ಹೋದಳೆಂದು ಹಾಸ್ಟೆಲಿನ ಹುಡುಗಿಯರು ಹೇಳಿದಾಗ ನನಗೆ ಮೈ ಉರಿಯಿತು. ನೇರ ಮುಖ್ಯಸ್ಥರ ಕೋಣೆಗೆ ಹೋದೆ.

"ಸರ್, ಎರಡು ದಿನಕ್ಕೆ ಒಂದು ವರ್ಷ ಕಳೀತೀರಾ?"

"ನಿಯಮ ಅಂದ್ರ ನಿಯಮ್ರಿ. ಮೊದಲನೇ ಸಲನ ಚಂದಾಗಿ ಕನ್ನಡದಾಗ ಬರೀಬೇಕಿತ್ತು. ಕೊಂಕಣಿ ಗಿಂಕಣಿ ಮನ್ಯಾಗ ಇಟಗೋಬೇಕು."

"ಹಾಗಂತ ಎಲ್ಲಿ ಬರೆದಿದೆ ತೋರಿಸಿ."

"ನೋಡ್ರಿ, ನೀವು ಕೋಲಾರದಾಗಿಂದ ನಿನ್ನೆ ಮೊನ್ನೆ ಬಂದವರು. ಗೆಸ್ಟ್ ಅದೀರಿ, ಗೆಸ್ಟ್ ಇದ್ದಂಗ ಇರ್ರಿ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಹೆಂಡತಿಯೊಂದಿಗೆ ಮರಾಠಿಯಲ್ಲಿ ನಗುನಗುತ್ತ ಮಾತಾಡತೊಡಗಿದರು. ನಾನು ಅಲ್ಲೇ ನಿಂತಿದ್ದೆ. ಮರಾಠಿ ಮನೆಮಾತಿನವರೊಬ್ಬರು, ತೆಲುಗು ಮನೆಮಾತಿನವಳೊಬ್ಬಳು ಸೇರಿ, ಕೊಂಕಣಿಯ ಹುಡುಗಿಯೊಬ್ಬಳ ಓದಿಗೆ ಕಲ್ಲು ಹಾಕಿದ್ದೆವು, ಅದೂ ಕನ್ನಡದ ಹೆಸರಿನಲ್ಲಿ! ಕನ್ನಡ ಇದನ್ನು ಕೇಳಿತ್ತೇ? ಐದನೇ ಕ್ಲಾಸಿನಲ್ಲಿ ನಾನೂ ಲೆಕ್ಕದ ಪಕ್ಕ ಕನ್ನಡ ಅಕ್ಷರದಲ್ಲಿ ತೆಲುಗು ಗೀಚಿಕೊಳ್ಳುತ್ತಿದ್ದೆ. ಮೇಷ್ಟ್ರು ನೋಡಿಯಾರೆಂದು ಉಗುಳು ಹಚ್ಚಿ ಪುಟ ತೂತಾಗುವಂತೆ ಉಜ್ಜಿದವಳು ನಾನು. ಆ ಭಯವನ್ನು ಇಷ್ಟು ದೂರ ಹೊತ್ತು ತಂದು ಅವಳ ತಲೆಗೆ ಕಟ್ಟಿದ್ದೆ. ಮುಖ್ಯಸ್ಥರ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ನನ್ನ ಕಡೆಗೇ ತಿರುಗಿತು.

ಮರುದಿನವೇ ಅವಳ ಊರಿಗೆ ಹೋಗುವ ಬಸ್ಸು ಹತ್ತಿದೆ. ಸಾಗವಾನಿ ಮರಗಳ ನಡುವೆ ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ನಡೆದು ಹೋದಾಗ ಅವಳು ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಅವಳ ತಾಯಿ ಚಾಪೆ ಹಾಸಿದರು.

"ತಪ್ಪು ನನ್ನದು ಫಿಲೋಮಿನಾ. ಪ್ರಿನ್ಸಿಪಾಲರಿಗೆ ಹಾಗಂತ ಬರೆದು ಕೊಡ್ತೀನಿ. ನೀನು ಬಾ. ಆ ಮೊದಲಿನ ಪುಸ್ತಕವನ್ನೂ ತಗೊಂಡು ಬಾ, ಅವರಿಗೆ ಓದಿ ತೋರಿಸೋಣ."

ಅವಳು ತಾಯಿಯ ಮುಖ ನೋಡಿದಳು. ತಾಯಿ ಬಚ್ಚಲ ಒಲೆಯ ಕಡೆ ನೋಡಿದರು.

"ಅದು ಇಲ್ರಿ ಮೇಡಂ. ರಫ್ ಅಂದ್ರಲ್ರಿ ನೀವು. ಕಟಗಿ ಹಸೀ ಇದ್ವು, ಹರದ ಹರದ ಉರಿ ಹಚ್ಚಿದ್ವಿ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದರೆ ತಡೆದುಕೊಳ್ಳಬಹುದಿತ್ತು.

ಫೇರ್ ಪುಸ್ತಕದೊಂದಿಗೆ ಅವಳನ್ನು ಕರೆತಂದು, ತಡವಾದದ್ದು ನನ್ನ ಆದೇಶದಿಂದ ಎಂದು ಪ್ರಿನ್ಸಿಪಾಲರಿಗೆ ಬರೆದು ಸಹಿ ಹಾಕಿದೆ. ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡು ಪುಟಪುಟಕ್ಕೂ ಕೆಂಪು ಸಹಿ ಗೀಚಿದರು. ಹಾಲ್ ಟಿಕೆಟ್ ಬಂತು. ಮುಂದಿನ ವರ್ಷ ಅವರು ನನ್ನನ್ನು ಕರೆಯುತ್ತಾರೋ ಇಲ್ಲವೋ ತಿಳಿಯದು. ವಿಷಯ ಕೇಳಿದ ಖಲೀದಾ ಆಪಾ, "ಕರೀಲಿಲ್ಲಂದ್ರೂ ಮನಿ ಏನ್ ಬಿಡಬ್ಯಾಡ್ರಿ ಅಕ್ಕೋರ, ಬಾಜೂ ಊರಾಗ ಕೆಲಸ ನೋಡೂಣು" ಎಂದರು. ಈ ಊರಿನಲ್ಲಿ ನನಗೆ ಇರು ಎಂದ ಮೊದಲ ಮಾತು ಅದು. ಊರಿಗೆ ಫೋನು ಮಾಡಿದರೆ ತಮ್ಮ ನನ್ನ ತೆಲುಗಿನೊಳಗೆ 'ಹೌದ್ರಿ' ನುಗ್ಗುತ್ತದೆಂದು ಆಡಿಕೊಳ್ಳುತ್ತಾನೆ. ಅಲ್ಲಿಯವರಿಗೆ ನಾನು ಹಳಿಯಾಳದವಳು, ಇಲ್ಲಿಯವರಿಗೆ ಕೋಲಾರದವಳು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಫಿಲೋಮಿನಾಳನ್ನು ಕೂರಿಸಿಕೊಂಡು ಫೇರ್ ಪುಸ್ತಕ ಬಿಡಿಸಿದೆ. ಅಂಚು ಬೆಳ್ಳಗೆ, ನೀಟಾಗಿತ್ತು. ನನ್ನದೇ ಪೆನ್ಸಿಲು ಅವಳ ಕೈಗಿತ್ತೆ. "ಮತ್ತೆ ಬರಿ. ಯಾರು ಏನಂದರೂ ನಾನಿದ್ದೀನಿ. ಮೊದಲು ಇತಿಹಾಸದ್ದು ಬರಿ. ಅಜ್ಜಿಯನ್ನ ಕೇಳಿದೆಯಾ?"

ಅವಳು ಪೆನ್ಸಿಲನ್ನು ಅಂಚಿನ ಹತ್ತಿರ ಒಯ್ದು ನಿಲ್ಲಿಸಿದಳು. ಒಂದು ಸಲ ನನ್ನನ್ನು ನೋಡಿದಳು, ಮತ್ತೆ ಪುಟ ನೋಡಿದಳು.

"ಕೇಳಿದ್ನಿರಿ, ಅಜ್ಜಿ ಭಾಳ ಹೇಳ್ಯಾಳ್ರಿ," ಎಂದು ಪೆನ್ಸಿಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. "ಆದ್ರ ಇದು ಫೇರ್ ಬುಕ್ ಐತಲ್ರಿ ಮೇಡಂ. ಹೊಲಸಾಗ್ತೈತಿ."